ಎರಡು ಬಣ್ಣದ ಊರಿಗೆ ಒಬ್ಬರೇ ಹಲ್ಲಿನ ಡಾಕ್ಟರು

ಡಾಕ್ಟರ್ ಇವಾರಿಸ್ಟ್ ಮೋಂಡೆಸಿರ್ ಭಾನುವಾರ ಬೆಳಗ್ಗೆ ತೀರಿಕೊಂಡರು. ಕೋಕೋ ಕಾಯಿಸಲು ಒಲೆಯ ಮೇಲೆ ನೀರಿಟ್ಟು ಅಡುಗೆಮನೆಯ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಪಾತ್ರೆ ಸೀದ ವಾಸನೆಗೆ ಪಕ್ಕದ ಮನೆಯವರು ಓಡಿಬಂದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ವಯಸ್ಸು ಎಂಬತ್ತು ದಾಟಿತ್ತು.

ನಮ್ಮ ದ್ವೀಪದ ಈ ಮಾರ್ಗೋ ಬೇ ಊರಿನಲ್ಲಿ ಸಾವು ರೇಡಿಯೋದಲ್ಲಿ ಬಂದಮೇಲೆಯೇ ಸಾವು. ಮಧ್ಯಾಹ್ನದ ಊಟದ ಹೊತ್ತಿಗೆ ಸತ್ತವರ ಹೆಸರು, ಊರು ಅವರನ್ನು ಕರೆಯುತ್ತಿದ್ದ ಹೆಸರು, ಮಕ್ಕಳು ಮೊಮ್ಮಕ್ಕಳು, ಸೋದರಳಿಯಂದಿರು, ಕೊನೆಗೆ ಗೆಳೆಯರು, ಎಲ್ಲರ ಹೆಸರನ್ನೂ ಓದುತ್ತಾರೆ. ಆ ಬರಹ ಬರೆಯುವ ಕೆಲಸ ಥೆಕ್ಲಾ ಶಾರ್ಲರಿಯ ಪಾಲಿಗೆ ಬಂತು. ಥೆಕ್ಲಾ ಈ ಊರಿನ ಶಾಲೆಯ ನಿವೃತ್ತ ಹೆಡ್‌ಮಿಸ್ಸು. ಊರಿನ ಅರ್ಧ ಜನಕ್ಕೆ ಕಿವಿ ಹಿಂಡಿ ಅಕ್ಷರ ಕಲಿಸಿದವಳು. ಡಾಕ್ಟರ ಮಗಳು ಬಾರ್ಬಡೋಸಿನಿಂದ ಫೋನು ಮಾಡಿ, "ಆಂಟಿ, ನೀವೇ ಬರೀರಿ. ಅಪ್ಪನ್ನ ನಿಮ್ಮಷ್ಟು ಬೈದೋರು ಇನ್ಯಾರೂ ಇಲ್ಲ" ಎಂದು ಅತ್ತಿದ್ದಳು.

ಬರೆಯಲು ಕೂತಾಗಲೇ ಕೆಂಪು ಪಕ್ಷದ ಗಾಡ್ವಿನ್ ಬಾಗಿಲಲ್ಲಿ ನಿಂತಿದ್ದ.

"ಟೀಚರ್, ಮಾಜಿ ಮಂತ್ರಿ ಅಂತ ಮೊದಲು ಹಾಕಿ. ಶವದ ಪೆಟ್ಟಿಗೆ ಮೇಲೆ ಪಕ್ಷದ ಬಾವುಟ ಹೊದಿಸ್ತೀವಿ."

"ಅವರು ಪಕ್ಷ ಬಿಟ್ಟಾಗ ನೀನಿನ್ನೂ ಹುಟ್ಟಿರ್ಲಿಲ್ಲ ಕಣೋ."

"ಬಿಟ್ರೇನಂತೆ? ಕೆಂಪು ಒಂದ್ಸಲ ಅಂಟಿದ್ರೆ ಹೋಗಲ್ಲ."

"ಅದು ನಿನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಹೋಗಿ ಅವರ ಅಂಗಳ ಗುಡಿಸು, ಜನ ಬರ್ತಾರೆ."

ಅವನು ಹೋದಮೇಲೆ ಅವಳು ಬರೆದಳು: 'ಇವಾರಿಸ್ಟ್ ಮೋಂಡೆಸಿರ್. ಮಾರ್ಗೋ ಬೇಯ ಹಲ್ಲಿನ ಡಾಕ್ಟರು.' ಮಂತ್ರಿ, ಪುರಸಭೆಯ ಅಧ್ಯಕ್ಷ, ಯಾವುದನ್ನೂ ಸೇರಿಸಲಿಲ್ಲ. ಅವನ್ನೆಲ್ಲ ಬರೆಯಲು ಹೊರಟರೆ ಅವಳ ಅಣ್ಣನ ಹೆಸರನ್ನೂ ಬರೆಯಬೇಕಾಗುತ್ತಿತ್ತು. ರೇಡಿಯೋದಲ್ಲಿ ಅಷ್ಟು ಜಾಗ ಕೊಡುವುದಿಲ್ಲ.

ಡಾಕ್ಟರ ತಾಯಿ ಲಿಯೋನ್ಸ್ ಎಂಬುವಳು ಬಂದರಿನ ದಕ್ಕೆಯ ಮೇಲೆ ಬಿಸಿ ಕೋಕೋ, ಕರಿದ ರೊಟ್ಟಿ, ಉಪ್ಪುಮೀನು ಮಾರುತ್ತಿದ್ದಳು. ಮಗ ಓದಿನಲ್ಲಿ ಚುರುಕು. ಪಾದ್ರಿಗಳ ನೆರವಿನಿಂದ ಅಮೆರಿಕಕ್ಕೆ ಹೋಗಿ, ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ ಹಲ್ಲಿನ ವೈದ್ಯವಿದ್ಯೆ ಕಲಿತು, ಎಲ್ಲರೂ ಇನ್ನು ಬರುವುದಿಲ್ಲ ಎಂದುಕೊಂಡಿದ್ದಾಗ ವಾಪಸು ಬಂದರು. ಜೊತೆಯಲ್ಲಿ ಕಾಲಿನಿಂದ ತುಳಿದು ನಡೆಸುವ ಕೊರೆಯುವ ಯಂತ್ರ ಒಂದಿತ್ತು. ಊರಿಗೆ ಕರೆಂಟು ಬಂದರೂ ಅದು ಬಂದು ಹೋಗುವ ನೆಂಟನಂತಿದ್ದ ಕಾಲ. ಅದಕ್ಕೂ ಮುಂಚೆ ಹಲ್ಲು ಕೀಳುವ ಕೆಲಸ ಕ್ಷೌರಿಕ ಆಲ್ಫೋನ್ಸನದಾಗಿತ್ತು. ಅವನು ಕೀಳುವ ಮುಂಚೆ ರೋಗಿಗೆ ಒಂದು ಗುಟುಕು ರಮ್ಮು ಕೊಟ್ಟು, ಕಿತ್ತ ಮೇಲೆ ತಾನು ಎರಡು ಗುಟುಕು ಕುಡಿಯುತ್ತಿದ್ದ.

ಆಗ ನಮ್ಮಲ್ಲೊಂದು ರೂಢಿಯಿತ್ತು. ಮದುವೆಗೆ ನಿಂತ ಹುಡುಗಿಯ ಮೇಲುಸಾಲಿನ ಹಲ್ಲನ್ನೆಲ್ಲ ಕೀಳಿಸಿ, ಬೆಳ್ಳಗೆ ಹೊಳೆಯುವ ಕಟ್ಟಿದ ಹಲ್ಲು ಹಾಕಿಸಿ ಗಂಡನ ಮನೆಗೆ ಕಳಿಸುವುದು. ಮುಂದೆ ಹಲ್ಲುನೋವಿನ ಖರ್ಚು ಗಂಡನ ತಲೆಗೆ ಬರಬಾರದಲ್ಲ! ಅದನ್ನು ಯಾರೂ ಕ್ರೂರವೆಂದು ಭಾವಿಸುತ್ತಿರಲಿಲ್ಲ. ಒಡವೆ ಮಾಡಿಸಿದ ಹಾಗೆ, ಅಷ್ಟೆ. ಥೆಕ್ಲಾಳನ್ನೂ, ಅವಳ ನಾಮಕರಣಕ್ಕೆ ಚರ್ಚಿನಲ್ಲಿ ಎತ್ತಿಕೊಂಡಿದ್ದ ಧರ್ಮತಾಯಿ ಅದಕ್ಕೇ ಡಾಕ್ಟರ ಬಳಿ ಕರೆತಂದಿದ್ದಳು.

"ಡಾಕ್ಟ್ರೇ, ಮೇಲಿನ ಸಾಲು ಪೂರ್ತಿ ತೆಗೆದು ಒಳ್ಳೆ ಸೆಟ್ಟು ಕಟ್ಟಿಕೊಡಿ. ಈಸ್ಟರ್ ಆದ್ಮೇಲೆ ಮದುವೆ."

ಡಾಕ್ಟರು ಹುಡುಗಿಯ ಬಾಯಿಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. "ಇವಳ ಹಲ್ಲಲ್ಲಿ ಕಬ್ಬು ಸಿಗಿಬಹುದು. ಯಾವುದನ್ನ ಕೀಳ್ಲಿ?"

"ಎಲ್ಲಾನೂ. ಗಟ್ಟಿ ಇದ್ದಾಗ್ಲೇ ಕಿತ್ರೆ ಚೆನ್ನಾಗಿ ಬರುತ್ತೆ."

"ಅಮ್ಮಾ, ಹೊಸ ಮನೆಗೆ ಹೋಗೋ ಹುಡುಗಿ. ಬೇರೇನು ಇಲ್ಲದಿದ್ರೂ ಕಚ್ಚೋಕೆ ನಾಲ್ಕು ಸ್ವಂತ ಹಲ್ಲಾದ್ರೂ ಇರ್ಲಿ. ನಾನು ಒಳ್ಳೆ ಹಲ್ಲು ಕೀಳಲ್ಲ."

ಬಾಯಲ್ಲಿ ಅವರ ಬೆರಳಿದ್ದಂತೆಯೇ ಥೆಕ್ಲಾ ನಕ್ಕುಬಿಟ್ಟಳು. ಧರ್ಮತಾಯಿ ಅವಮಾನದಿಂದ ಅವಳನ್ನು ಎಳೆದುಕೊಂಡು ಹೋದಳು. ಆ ಮದುವೆ ನಡೆಯಲಿಲ್ಲ. ಗಂಡು ಇಂಗ್ಲೆಂಡಿಗೆ ಹಡಗು ಹತ್ತಿದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಹಲ್ಲುಗಳು ಇಂದಿಗೂ ಇವೆ.

ದವಾಖಾನೆಯಿಂದ ಹಾಗೆ ಎಳೆದೊಯ್ದ ಮಾರನೆಯ ದಿನ ಅವಳ ಅಣ್ಣ ಫೆಸ್ಟಸ್ ಜಗಳಕ್ಕೆ ಬಂದ. ದೋಣಿ ಕಟ್ಟುವವನು, ಎತ್ತರದ ಆಳು, ನಗು ಎಂದರೆ ಅವನದು ಎಂದು ದಕ್ಕೆಯ ಹೆಂಗಸರೆಲ್ಲ ಹೇಳುತ್ತಿದ್ದರು. "ನನ್ನ ತಂಗಿ ಏನು ನಿಮ್ಮ ಕೈಗೆ ಕಡಿಮೆಯಾದ್ಲಾ?" ಎಂದು ಗುಡುಗಿದ. ಡಾಕ್ಟರು ಕುರ್ಚಿ ತೋರಿಸಿ, "ಕೂತ್ಕೊಂಡು ಬೈಯಿ. ಮಾತಾಡೋವಾಗ ಬಾಯಿಗೆ ಕೈ ಅಡ್ಡ ಹಿಡೀತೀಯಲ್ಲ, ಯಾಕೆ?" ಎಂದರು. ಹಾಯಿದೋಣಿಯ ಮರ ಬಡಿದು ಅವನ ಎರಡು ಮುಂದಿನ ಹಲ್ಲು ಬೇರಿನ ತನಕ ಮುರಿದಿದ್ದವು. ಆಲ್ಫೋನ್ಸ್ ಮೇಣ ಮೆತ್ತಿ ಮುಚ್ಚಿದ್ದ. ಡಾಕ್ಟರು ಬೇರು ತೆಗೆದು, ಅವನ ಉಳಿದ ಹಲ್ಲಿನ ಹಳದಿಗೆ ಸರಿಯಾಗಿ ಹೊಂದುವ ಎರಡು ಹಲ್ಲು ಮಾಡಿಕೊಟ್ಟರು. ಆ ಕಟ್ಟಿದ ಹಲ್ಲಿನ ಸಂಗತಿ ಗೊತ್ತಿದ್ದುದು ಅವರಿಬ್ಬರಿಗೆ ಮತ್ತು ಥೆಕ್ಲಾಳಿಗೆ ಮಾತ್ರ. ಫೆಸ್ಟಸನ ಹೆಂಡತಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಅವರಿಬ್ಬರು ಭಾನುವಾರದ ಡಾಮಿನೋ ಆಟದ ಜೊತೆಗಾರರಾದರು. ಚರ್ಚಿನ ಪೂಜೆ ಮುಗಿದ ಮೇಲೆ ಕಾಡುಬಾದಾಮಿ ಮರದ ಕೆಳಗೆ ಮೇಜು ಬೀಳುವಂತೆ ಕಾಯಿ ಬಡಿಯುತ್ತ, ಎದುರಾಳಿಗಳನ್ನು ಹೀಯಾಳಿಸುತ್ತ ಕೂರುತ್ತಿದ್ದರು. ಥೆಕ್ಲಾ ಮನೆಯಿಂದ ದೀವಿಹಲಸು ಬೇಯಿಸಿ ತರುತ್ತಿದ್ದಳು. ಆ ಹೊತ್ತಿಗೆ ಅವಳು ಶಾಲೆ ಸೇರಿದ್ದಳು. ತನ್ನ ಜೀವನದಲ್ಲಿ ಅಷ್ಟು ನಕ್ಕ ವರ್ಷಗಳು ಬೇರೆ ಇಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ.

ನಮ್ಮ ದ್ವೀಪದಲ್ಲಿ ಮನುಷ್ಯ ಹುಟ್ಟುವಾಗಲೇ ಕೆಂಪು ಇಲ್ಲವೇ ಹಳದಿ. ಥೆಕ್ಲಾಳ ಮನೆಯವರು, ಶಾರ್ಲರಿಗಳು, ಹಳದಿ. ಅವರಪ್ಪ ಕಬ್ಬಿನ ತೋಟದ ಮುಷ್ಕರದಲ್ಲಿ ಪೊಲೀಸರ ಲಾಠಿ ತಿಂದವನು. ಹಳದಿ ಪಕ್ಷ ಹುಟ್ಟಿದ್ದೇ ಆ ಮುಷ್ಕರದಿಂದ. ಡಾಕ್ಟರಿಗೆ ಬಣ್ಣದ ಹುಚ್ಚಿರಲಿಲ್ಲ, ರಸ್ತೆಯ ಹುಚ್ಚಿತ್ತು. ರಾಜಧಾನಿಯ ಆಸ್ಪತ್ರೆ ಬೆಟ್ಟದ ಆಚೆ. ಮಳೆಗಾಲದಲ್ಲಿ ಬೆಟ್ಟದ ದಾರಿ ಕೊಚ್ಚಿಹೋದರೆ ಹೆರಿಗೆಯ ಹೆಂಗಸನ್ನು ಜೋಲಿಯಲ್ಲಿ ಹೊತ್ತೊಯ್ಯಬೇಕು. ಹಾಗೆ ಹೊತ್ತೊಯ್ದವಳೊಬ್ಬಳು ದಾರಿಯಲ್ಲೇ ಸತ್ತ ವರ್ಷ ಕೆಂಪಿನವರು ಬಂದು, ನೀವು ನಿಂತರೆ ರಸ್ತೆ ನಮ್ಮ ಜವಾಬ್ದಾರಿ ಎಂದರು. ಡಾಕ್ಟರು ಒಪ್ಪಿದರು.

"ಕೆಂಪಿನೋರ ಜೊತೆ ಹೋಗ್ತೀಯಂತೆ?" ಫೆಸ್ಟಸ್ ಕಾಯಿ ಬಡಿಯುತ್ತ ಕೇಳಿದ.

"ರಸ್ತೆ ಮಾಡಿಸ್ತೀವಿ ಅಂತ ಮಾತು ಕೊಟ್ಟಿದಾರೆ."

"ನಮ್ಮೋರೂ ಕೊಟ್ಟಿದ್ರು."

"ಪ್ರತಿ ಸಲಾನೂ ಕೊಟ್ಟಿದ್ರು."

"ಅದಕ್ಕೇ ಹೇಳಿದ್ದು, ನಮ್ಮೋರಿಗೆ ಅನುಭವ ಜಾಸ್ತಿ." ಮರದ ಕೆಳಗಿದ್ದವರೆಲ್ಲ ನಕ್ಕರು. ಫೆಸ್ಟಸ್ ನಗದೆ, "ನಿನಗೆ ವೋಟು ಹಾಕಲ್ಲ ಮಾರಾಯ. ಭಾನುವಾರ ಮಾತ್ರ ತಪ್ಪಿಸ್ಬೇಡ" ಎಂದ.

ಚುನಾವಣೆಯ ಕೊನೆಯ ಸಭೆ ಸಂತೆ ಮೈದಾನದಲ್ಲಿ ನಡೆಯಿತು. ಡ್ರಮ್ಮು, ಶಂಖ, ಹುರಿದ ಜೋಳ, ರಮ್ಮು, ಇಡೀ ಊರು. ಹಳದಿಯವರೂ ಅಂಚಿನಲ್ಲಿ ನಿಂತು ಕೇಳುವುದು ನಮ್ಮ ಪದ್ಧತಿ. ಡಾಕ್ಟರು ರಸ್ತೆಯ ತಿರುವು, ಚರಂಡಿ, ಜಲ್ಲಿಕಲ್ಲು ಎಂದು ಮಾತಾಡುತ್ತ ಹೋದರು. ಜನ ಆಕಳಿಸಿದರು. ನಮ್ಮಲ್ಲಿ ವೇದಿಕೆ ಹತ್ತಿದವನು ಎದುರಾಳಿಯನ್ನು ಚುಚ್ಚಿ ನಗಿಸದಿದ್ದರೆ ಅವನು ಎಷ್ಟು ಒಳ್ಳೆಯವನಾದರೂ ಲೆಕ್ಕಕ್ಕಿಲ್ಲ. "ಡಾಕ್ಟ್ರೇ, ಸಪ್ಪೆ ಆಯ್ತು! ಮೆಣಸಿನಕಾಯಿ ಹಾಕಿ!" ಎಂದು ಯಾರೋ ಕೂಗಿದರು.

ಹಳದಿ ಪಕ್ಷದ ಎದುರಾಳಿಯ ಹೆಸರು ಸಿಲ್ವಾನ್ ಪೆಲ್ತಿಯೇ, ಕಿರಾಣಿ ಅಂಗಡಿಯ ಯಜಮಾನ. ಬೆಳ್ಳಗಿನ ಹಲ್ಲು ಬಿಟ್ಟು ನಗುವ ಅವನ ಚಿತ್ರ ಪ್ರತಿ ತೆಂಗಿನ ಮರದ ಮೇಲೂ ಅಂಟಿತ್ತು. ಡಾಕ್ಟರು ಆ ಚಿತ್ರದ ಕಡೆ ಕೈ ತೋರಿಸಿದರು.

"ಆ ನಗು ನೋಡಿ ವೋಟು ಹಾಕ್ತೀರಾ? ಅದರಲ್ಲಿ ಅವನ ಸ್ವಂತದ್ದು ಎಷ್ಟು ಅಂತ ನನ್ನ ಕೇಳಿ!"

ಮೈದಾನ ಕುಣಿದುಬಿಟ್ಟಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಇನ್ನೂ ಹೇಳಿ, ಇನ್ನೂ ಹೇಳಿ ಎಂದು ಶಂಖ ಊದಿದರು. ಆ ಸದ್ದಿನ ಅಮಲು ಏರಿದವರಂತೆ ಡಾಕ್ಟರು ಮುಂದುವರಿಸಿದರು: "ಹಳದಿಯೋರ ಬಾಯೆಲ್ಲಾ ನಾನು ನೋಡಿದೀನಿ. ಎಲ್ಲೆಲ್ಲಿ ಹುಳುಕು ಅಂತ ನನಗೇ ಗೊತ್ತು!"

ಥೆಕ್ಲಾ ಅಂಚಿನಲ್ಲಿ ಅಣ್ಣನ ಪಕ್ಕದಲ್ಲಿದ್ದಳು. ಅವಳಿಗೂ ನಗು ಬಂತು. ನಗುತ್ತಲೇ ತಿರುಗಿ ಅಣ್ಣನನ್ನು ನೋಡಿದಳು. ಫೆಸ್ಟಸನ ತುಟಿ ಬಿಗಿದುಕೊಂಡಿತ್ತು. ಅವನು ಕೈಯನ್ನು ಬಾಯಿಗೆ ಅಡ್ಡ ಹಿಡಿದು ದೋಣಿಗಳ ಕಡೆ ನಡೆದುಹೋದ.

ಡಾಕ್ಟರು ಗೆದ್ದರು. ಮಂತ್ರಿಯೂ ಆದರು. ಆದರೆ ಅವರ ದವಾಖಾನೆಯ ಮುಂದಿನ ಬೆಂಚು ಅರ್ಧ ಖಾಲಿಯಾಯಿತು. ವಾರಕ್ಕೆ ಎರಡು ದಿನ ರಾಜಧಾನಿಯಿಂದ ಬಂದು ಕೂತರೂ ಹಳದಿಯವರೊಬ್ಬರೂ ಬರಲಿಲ್ಲ. ಅವರು ಕೆಂಪಿಗೆ ನಿಂತ ಸಿಟ್ಟಾಗಿರಲಿಲ್ಲ ಅದು. ಬಾಯಿ ಅಂದರೆ ಮನೆಯ ಹಿತ್ತಲಿನ ಹಾಗೆ. ಒಳಗೆ ಬಿಟ್ಟುಕೊಂಡವನು ಹೊರಗೆ ಹೋಗಿ ಹೇಳಬಾರದು. ಯಾರಿಗೆ ಎಷ್ಟು ಹಲ್ಲಿಲ್ಲ, ಯಾರ ಉಸಿರು ನಾರುತ್ತದೆ, ಯಾವ ಹೆಂಗಸಿನ ಹಲ್ಲು ಗಂಡನ ಕೈಯಿಂದ ಮುರಿದಿದೆ, ಎಲ್ಲ ಅವರಿಗೆ ಗೊತ್ತಿತ್ತು. ಒಂದನ್ನು ಹೇಳಿದವರು ಎಲ್ಲವನ್ನೂ ಹೇಳಬಲ್ಲರು ಎಂದು ಊರು ತೀರ್ಮಾನಿಸಿತು. ಹಳದಿಯವರು ನೋವು ತಡೆದರು, ಲವಂಗದೆಣ್ಣೆ ಹಚ್ಚಿದರು, ಮುದುಕ ಆಲ್ಫೋನ್ಸನ ಬಳಿಗೆ ಹೋಗಿ ದವಡೆ ಒಡೆಸಿಕೊಂಡರು. ಇಡೀ ಆ ಭಾಗಕ್ಕೆ ಅವರೊಬ್ಬರೇ ಹಲ್ಲಿನ ಡಾಕ್ಟರು.

ರಸ್ತೆಯಂತೂ ಆಯಿತು. ಒಳ್ಳೆಯ ರಸ್ತೆ. ಫೆಸ್ಟಸ್ ಭಾನುವಾರ ಮರದ ಕೆಳಗೆ ಬರುವುದನ್ನು ನಿಲ್ಲಿಸಿದ.

ಮುಂದಿನ ವರ್ಷ ಫೆಸ್ಟಸನ ಹಿಂದಿನ ದವಡೆ ಹಲ್ಲು ಕೆಟ್ಟಿತು. ಮೊದಲು ಉಪ್ಪುನೀರು, ಆಮೇಲೆ ರಮ್ಮು, ಆಮೇಲೆ ಮಾತಿಲ್ಲ. ಕೆನ್ನೆ ಊದಿ ಕತ್ತಿನ ತನಕ ಇಳಿಯಿತು. ಥೆಕ್ಲಾ ಬೇಡಿದಳು, ಬೈದಳು, ಅತ್ತಳು. ಅವನು ತಲೆ ಅಲ್ಲಾಡಿಸಿದ. ಕೊನೆಗೆ ಅವಳು ಅಂಚೆ ಕಚೇರಿಗೆ ಓಡಿ ರಾಜಧಾನಿಗೆ ಫೋನು ಮಾಡಿದಳು. ಡಾಕ್ಟರು ಮಂತ್ರಿಗಳ ಸಭೆಯಿಂದ ಎದ್ದವರು ನೇರ ಬಂದರು. ಅಂಗಿಯ ಮೇಲೆ ಇನ್ನೂ ಕೋಟಿತ್ತು.

ಫೆಸ್ಟಸ್ ದೋಣಿಮನೆಯಲ್ಲಿ, ಕಟ್ಟುತ್ತಿದ್ದ ದೋಣಿಗೆ ಒರಗಿ ಕೂತಿದ್ದ. ಡಾಕ್ಟರು ಮರದ ಹೊಟ್ಟಿನ ಮೇಲೆ ಮೊಣಕಾಲೂರಿದರು.

"ಬಾಯಿ ತೆಗಿ, ಫೆಸ್ಟಸ್. ಕೀವು ಕೆಳಗಿಳೀತಿದೆ. ಇದು ಹಲ್ಲುನೋವಲ್ಲ, ಜೀವಕ್ಕೆ ಬರುತ್ತೆ."

ಫೆಸ್ಟಸ್ ಕೈ ಅಡ್ಡ ಹಿಡಿದ.

"ನಾನು ತಪ್ಪು ಮಾಡ್ದೆ. ಆಮೇಲೆ ಎಷ್ಟು ಬೇಕಾದ್ರೂ ಹೊಡಿ. ಈಗ ತೆಗಿಯೋ."

ನಾಲಿಗೆ ಊದಿ ಮಾತು ತೊದಲುತ್ತಿತ್ತು. ಆದರೂ ಅವನು ಹೇಳಿದ್ದು ಥೆಕ್ಲಾಳಿಗೆ ಸ್ಪಷ್ಟವಾಗಿ ಕೇಳಿಸಿತು: "ನಾಳೆ ಮೈಕಲ್ಲಿ ಹೇಳೋಕಾ?"

ಡಾಕ್ಟರು ಏಟು ತಿಂದವರಂತೆ ಹಿಂದಕ್ಕೆ ಕೂತರು. ಆಮೇಲೆ ನಾಲ್ಕು ಜನ ಸೇರಿ ಅವನನ್ನು ಲಾರಿಯ ಹಿಂದೆ ಮಲಗಿಸಿದರು. ಹೊಸ ರಸ್ತೆಯಲ್ಲಿ ಲಾರಿ ಎಲ್ಲೂ ನಿಲ್ಲದೆ ಬೆಟ್ಟ ಹತ್ತಿತು. ಡಾಕ್ಟರು ಅವನ ತಲೆಯನ್ನು ತೊಡೆಯ ಮೇಲಿಟ್ಟು ಕೂತಿದ್ದರು. ಬೆಟ್ಟದ ತುದಿ ದಾಟಿ ಇಳಿಜಾರಿನಲ್ಲಿ ಆಸ್ಪತ್ರೆಯ ಚಾವಣಿ ಕಾಣುವಾಗ ಫೆಸ್ಟಸನ ಉಸಿರು ಕಟ್ಟಿತು.

ಶವದ ಮುಂದೆ ಹಾಡುವ ರಾತ್ರಿಗಳಿಗೆ ಡಾಕ್ಟರು ಬಂದು ಬೇಲಿಯ ಹೊರಗೇ ನಿಂತರು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಥೆಕ್ಲಾ ಕೂಡ.

ಅವರು ಮಂತ್ರಿಗಿರಿ ಬಿಟ್ಟರು. ಅವಧಿ ಮುಗಿದು ಮತ್ತೆ ಚುನಾವಣೆ ಬಂದಾಗ ಪಕ್ಷದವರು ಮನೆಗೆ ಬಂದು ಬೇಡಿದರು, ಬೆದರಿಸಿದರು. ಅವರು ಒಪ್ಪಲಿಲ್ಲ. ಬದಲಿಗೆ ಹಳದಿಯವರ ಸಭೆ ನಡೆಯುತ್ತಿದ್ದ ದಿನ ಸಂತೆ ಮೈದಾನಕ್ಕೆ ಹೋಗಿ, ವೇದಿಕೆಯ ಮೆಟ್ಟಿಲ ಬಳಿ ನಿಂತು, ಪೆಲ್ತಿಯೇಯನ್ನು ಮೈಕು ಕೇಳಿದರು.

"ನನ್ನ ಹಲ್ಲಿನ ಬಗ್ಗೆ ಇನ್ನೂ ಏನಾದ್ರೂ ಬಾಕಿ ಇದೆಯಾ ಡಾಕ್ಟ್ರೇ?" ಎಂದ ಪೆಲ್ತಿಯೇ.

"ಇದೆ. ಅದಕ್ಕೇ ಬಂದೆ."

ಪೆಲ್ತಿಯೇ ಒಂದು ಗಳಿಗೆ ಅವರ ಮುಖ ನೋಡಿ ಮೈಕು ಕೊಟ್ಟ. ಡಾಕ್ಟರು ಹೇಳಿದ್ದು ಇಷ್ಟು: "ನಿಮ್ಮ ಬಾಯೊಳಗೆ ನಾನು ನೋಡಿದ್ದು ನಿಮ್ಮದು. ಅದನ್ನ ಇದೇ ಜಾಗದಲ್ಲಿ ನಗುವಿಗೋಸ್ಕರ ಮಾರ್ಕೊಂಡೆ. ಫೆಸ್ಟಸ್ ಅದಕ್ಕೇ ನನ್ನ ಕೈಗೆ ಬಾಯಿ ಕೊಡ್ಲಿಲ್ಲ. ಇನ್ನು ನಾನು ಯಾವ ಬಣ್ಣಕ್ಕೂ ನಿಲ್ಲಲ್ಲ. ಹಲ್ಲು ನೋವಾದ್ರೆ ಬನ್ನಿ."

"ಮುಂದಿನ ಸಲ ಫೆಸ್ಟಸನ ಜೋಕು ಹೇಳ್ತೀರೇನ್ರೀ?" ಎಂದು ಕತ್ತಲೆಯಿಂದ ಒಬ್ಬ ಕೂಗಿದ. ಡಾಕ್ಟರು ಇಳಿದು ಹೋದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಲ್ಲು ತೋರಿಸಲು ಹಳದಿಯವರು ಆ ವಾರವೂ ಬರಲಿಲ್ಲ, ಆ ವರ್ಷವೂ ಬರಲಿಲ್ಲ. ಈಗ ಕೆಂಪಿನವರು ಕೂಡ ದ್ರೋಹಿ ಎಂದು ಬರುವುದನ್ನು ಕಡಿಮೆ ಮಾಡಿದರು. ಡಾಕ್ಟರು ದಿನವೂ ಬಾಗಿಲು ತೆರೆದು, ಇಕ್ಕಳಗಳನ್ನು ಕುದಿಸಿ ಸಾಲಾಗಿ ಇಟ್ಟು, ಖಾಲಿ ಬೆಂಚು ನೋಡುತ್ತ ಕೂರುತ್ತಿದ್ದರು. ಹಾದುಹೋಗುವ ಥೆಕ್ಲಾ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಅವಳನ್ನು ಆ ಮೆಟ್ಟಿಲು ಹತ್ತಿಸಿದ್ದು ಎರಡನೇ ತರಗತಿಯ ಹುಡುಗಿಯೊಬ್ಬಳ ಅಳು. ಕೆನ್ನೆ ದೀವಿಹಲಸಿನಂತೆ ಊದಿತ್ತು. ಆ ಊತದಲ್ಲಿ ಥೆಕ್ಲಾ ಅಣ್ಣನ ಕೆನ್ನೆ ಕಂಡಳು. ಮಗುವನ್ನು ಎತ್ತಿಕೊಂಡು, ತರಗತಿಯನ್ನು ಹಾಗೇ ಬಿಟ್ಟು ಓಡಿದಳು.

"ಇವಳಪ್ಪ ಹಳದಿ, ಅಮ್ಮ ಹಳದಿ, ನಾನೂ ಹಳದಿ," ಎಂದಳು ಏದುಸಿರಿನಲ್ಲಿ. "ಈ ಹಲ್ಲಿಗೆ ಬಣ್ಣ ಬಳಿಯೋಕೆ ಮಾತ್ರ ಇನ್ನೂ ಯಾರಿಗೂ ಪುರುಸೊತ್ತಾಗಿಲ್ಲ. ಬೇಗ ನೋಡಿ."

ಡಾಕ್ಟರು ಮಗುವನ್ನು ಕುರ್ಚಿಗೆ ಎತ್ತಿ ಕೂರಿಸಿದರು. ಸಾಲಾಗಿಟ್ಟಿದ್ದ ಇಕ್ಕಳಗಳಲ್ಲಿ ಒಂದನ್ನು ತೆಗೆದುಕೊಂಡರು. ಮುಗಿದ ಮೇಲೆ ಅವರು, "ಥೆಕ್ಲಾ, ಶಾಲೆಗೇ ಬರ್ಲಾ ನಾನು? ಮಕ್ಕಳದ್ದಷ್ಟೇ ನೋಡ್ತೀನಿ" ಎಂದರು.

"ಅವರಪ್ಪಂದಿರು ನನ್ನ ತಲೆ ಒಡೀತಾರೆ."

"ನಿನ್ನ ತಲೆಯಾ? ಅವರ ಕೈ ಮುರಿಯುತ್ತೆ."

ಅಣ್ಣ ಸತ್ತ ಮೇಲೆ ಅವರ ಎದುರು ಅವಳು ಮೊದಲ ಸಲ ನಕ್ಕಳು. ನಕ್ಕದ್ದಕ್ಕೆ ಸಿಟ್ಟು ಬಂದು ಅಳಲು ಶುರುಮಾಡಿದಳು. ಡಾಕ್ಟರು ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು, ಮಗುವಿನ ಜೊತೆ ಹೊರಗೆ ಹೋಗಿ ಕೂತರು.

ಹಾಗೆ ಶಾಲೆಗೆ ಬರತೊಡಗಿದರು. ಮಕ್ಕಳ ಹಿಂದೆ ತಾಯಂದಿರು ಬಂದರು, ಮಗುವಿನ ಬಗ್ಗೆ ಕೇಳುವ ನೆಪದಲ್ಲಿ ಕೈ ಕೆನ್ನೆಯ ಮೇಲಿಟ್ಟುಕೊಂಡು. ಗಂಡಸರು ಮಾತ್ರ ಬರಲಿಲ್ಲ.

ಆಮೇಲೆ ದೊಡ್ಡ ಚಂಡಮಾರುತ ಬಂತು. ಊರಿನ ಚಾವಣಿಗಳೆಲ್ಲ ಸಮುದ್ರದ ಪಾಲಾದವು. ಕೆಂಪು ಹಳದಿ ಎನ್ನದೆ ಎಲ್ಲರೂ ಶಾಲೆಯ ಕಟ್ಟಡದಲ್ಲಿ ತುಂಬಿಕೊಂಡರು. ಗಾಳಿ ನಿಂತ ಮಧ್ಯಾಹ್ನ ಪೆಲ್ತಿಯೇ ಥೆಕ್ಲಾಳ ಹತ್ತಿರ ಸರಿದು, ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ: ಗೋಡೆ ಬೀಳುವಾಗ ಕೆಳಗಿನ ಹಲ್ಲು ಮುರಿದು ಬೇರು ಒಸಡಿನಲ್ಲಿ ಉಳಿದಿದೆ, ಜೀವ ಹೋಗುತ್ತಿದೆ, ಆದರೆ ಈ ಜನದ ಮುಂದೆ ಬಾಯಿ ತೆರೆಯುವುದಕ್ಕಿಂತ ಸಾಯುವುದೇ ಮೇಲು.

ಡಾಕ್ಟರು ಕರಿಹಲಗೆಯನ್ನು ಮೂಲೆಗೆ ಎಳೆದು ಅಡ್ಡ ನಿಲ್ಲಿಸಿದರು. ಮೇಲೊಂದು ದುಪ್ಪಟಿ ಹೊದಿಸಿ ಅದರ ತುದಿಯನ್ನು ಥೆಕ್ಲಾಳ ಕೈಗೆ ಕೊಟ್ಟರು. "ಆ ಕಡೆ ತಿರುಗು. ನೀನೂ ನೋಡ್ಬಾರದು."

ಇಡೀ ಶಾಲೆ ಕಿವಿಯಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಒಂದು ನರಳಾಟ ಕೇಳಿಸಿತು. ಇಬ್ಬರೂ ಬೇರೆ ಬೇರೆ ಕಡೆಯಿಂದ ಹೊರಬಂದರು. ಮರುದಿನ ಕೆಂಪಿನವನೊಬ್ಬ ಡಾಕ್ಟರ ಹೆಗಲ ಮೇಲೆ ಕೈ ಹಾಕಿ ಕೇಳಿದ: "ಪೆಲ್ತಿಯೇದು ಎಷ್ಟು ಉಳ್ದಿದಾವೆ ಡಾಕ್ಟ್ರೇ? ನಮಗಾದ್ರೂ ಹೇಳಿ."

"ಏನು ಉಳ್ದಿದೆ?"

"ಹಲ್ಲು ಮಾರಾಯ್ರೆ."

"ಯಾವ ಹಲ್ಲು? ಹಲಗೆ ಹಿಂದೆ ನಾವು ಚಾವಣಿ ತಗಡಿನ ಬಗ್ಗೆ ಮಾತಾಡ್ತಿದ್ವಿ."

ಕೇಳಿಸಿಕೊಂಡವರಲ್ಲಿ ಪೆಲ್ತಿಯೇಯೂ ಇದ್ದ. ಸರ್ಕಾರದ ತಗಡು ಹಡಗಿನಲ್ಲಿ ಬಂದಾಗ, ಯಾರು ಹಂಚಬೇಕು ಎಂದು ಎರಡು ಬಣ್ಣದವರೂ ದೊಣ್ಣೆ ಹಿಡಿದು ದಕ್ಕೆಯ ಮೇಲೆ ನಿಂತರು. ಪೆಲ್ತಿಯೇ ಕಟ್ಟೆ ಹತ್ತಿ ಹೇಳಿದ: "ಮೋಂಡೆಸಿರ್ ಹಂಚ್ಲಿ. ಆ ಮನುಷ್ಯ ಮೊದಲು ಬಾಯಿಬಡುಕ. ಈಗ ಕಲ್ಲು."

ಅವರು ಹಂಚಿದರು. ಮೊದಲು ಮುದುಕಿಯರಿಗೆ, ಕೊನೆಗೆ ತಮಗೆ. ಮುಂದಿನ ಪುರಸಭೆಗೆ ಯಾವ ಪಕ್ಷದ ಹೆಸರೂ ಇಲ್ಲದೆ ನಿಲ್ಲಿಸಿದರು, ಗೆಲ್ಲಿಸಿದರು, ಆಮೇಲೆ ಬಹಳ ವರ್ಷ ಬೇರೆ ಯಾರನ್ನೂ ಅಧ್ಯಕ್ಷರ ಕುರ್ಚಿಯಲ್ಲಿ ಊಹಿಸಿಕೊಳ್ಳಲಿಲ್ಲ. ಬೀದಿಯ ನಲ್ಲಿ, ಮೀನುಪೇಟೆಯ ಮಂಜುಗಡ್ಡೆ ಮನೆ, ವಾಚನಾಲಯ, ದಕ್ಕೆಯ ದೀಪ, ಇವೆಲ್ಲ ಅವರ ಕಾಲದವು. ಬೆಳಗ್ಗೆ ಹಲ್ಲು, ಮಧ್ಯಾಹ್ನ ಚರಂಡಿ ಎಂದು ಥೆಕ್ಲಾ ಚುಡಾಯಿಸುತ್ತಿದ್ದಳು. "ಎರಡೂ ಒಂದೇ. ಜನ ಏನೇನೋ ತುರುಕ್ತಾರೆ, ನಾನು ಚೊಕ್ಕ ಮಾಡ್ಬೇಕು" ಎನ್ನುತ್ತಿದ್ದರು. ಬೆಂಚು ತುಂಬಿತು. ಆದರೂ ಶಾರ್ಲರಿ ಮನೆಯ ಮುಂದೆ ಹಾದುಹೋಗುವಾಗ ಅವರು ಟೋಪಿ ತೆಗೆಯುವುದನ್ನು ನಿಲ್ಲಿಸಲಿಲ್ಲ. ಥೆಕ್ಲಾ ಒಳಗಿದ್ದರೂ, ಇಲ್ಲದಿದ್ದರೂ.

ಕೈ ಬಿಗಿ ತಪ್ಪಿದ ಮೇಲೆ ದವಾಖಾನೆಯನ್ನು ಶರ್ನೆಲ್ ಆಂತ್ವಾನ್‌ಗೆ ಒಪ್ಪಿಸಿದರು. ಶರ್ನೆಲ್ ಇದೇ ಊರಿನ ಹುಡುಗಿ, ಥೆಕ್ಲಾಳ ವಿದ್ಯಾರ್ಥಿನಿ, ಕ್ಯೂಬಾದಲ್ಲಿ ಓದಿ ಬಂದವಳು. ಕೈ ಮೃದು, ಮಾತು ಚುರುಕು. ಈ ವರ್ಷ ಚುನಾವಣೆಗೆ ಹಳದಿ ಪಕ್ಷ ಅವಳನ್ನೇ ಕೇಳಿತು. ಆಸ್ಪತ್ರೆಗೆ ಔಷಧಿ ಸರಿಯಾಗಿ ಬರುತ್ತಿಲ್ಲ, ಒಳಗೆ ಹೋಗದೆ ಸರಿಮಾಡಲಾಗುವುದಿಲ್ಲ ಎಂದು ಅವಳಿಗೂ ಅನಿಸಿತ್ತು. ಡಾಕ್ಟರ ಮನೆಗೆ ಬಂದು ಕೇಳಿದಳು. ಥೆಕ್ಲಾ ಅಲ್ಲೇ ಇದ್ದಳು.

"ನಿಲ್ಲು," ಎಂದರು ಡಾಕ್ಟರು. "ಆದ್ರೆ ವೇದಿಕೆ ಮೇಲೆ ಯಾರ ಬಾಯಿನೂ ತರ್ಬೇಡ. ಸಭೆ ಸಪ್ಪೆಯಾದ್ರೂ ತರ್ಬೇಡ, ಜನ ಕೂಗಿದ್ರೂ ತರ್ಬೇಡ."

ಶರ್ನೆಲ್ ತರಲಿಲ್ಲ. ಒಂದು ಮಾತೂ ಅಡ್ಡ ಆಡಲಿಲ್ಲ. ಆದರೂ ಹಳದಿ ಅಂಗಿ ತೊಟ್ಟ ವಾರದಿಂದಲೇ ಅವಳ ಬೆಂಚಿನಲ್ಲಿ ಕೆಂಪಿನವರು ಕಾಣೆಯಾದರು. ಗಾಡ್ವಿನ್‌ನ ಹೆಂಡತಿ ಹಲ್ಲುನೋವಿಗೆ ಬಸ್ಸು ಹತ್ತಿ ರಾಜಧಾನಿಗೆ ಹೋದಳು. ಬಂದರಿನ ಮುದುಕ ಬೋನಿಫೇಸ್ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ತಿರುಗತೊಡಗಿದ. ಯಾಕೆ ತೋರಿಸುವುದಿಲ್ಲ ಎಂದು ಕೇಳಿದರೆ, "ಹಳದಿ ಕೈಗೆ ನನ್ನ ಬಾಯಾ?" ಎಂದ.

ಥೆಕ್ಲಾ ಅದನ್ನು ಡಾಕ್ಟರಿಗೆ ಹೇಳಿದಳು. "ಆ ಬಟ್ಟೆ ಕಟ್ಟಿದ ಕೆನ್ನೆ ನೋಡೋಕಾಗಲ್ಲ ನನಗೆ, ಡಾಕ್ಟ್ರೇ. ಇನ್ನೊಂದು ಸಲ ನೋಡೋಕಾಗಲ್ಲ."

ಡಾಕ್ಟರು ಕಿಟಕಿಯಾಚೆ ದಕ್ಕೆಯನ್ನು ನೋಡುತ್ತ ಕೂತಿದ್ದರು.

ತೀರಿಕೊಳ್ಳುವ ಹಿಂದಿನ ದಿನ, ಶನಿವಾರದ ಸಂತೆಯ ಬೆಳಗ್ಗೆ, ಅವರು ಅವಳ ಬಾಗಿಲಿಗೆ ಬಂದರು. ಮೈಮೇಲೆ ಕಡುಗೆಂಪು ಅಂಗಿ. ಮಂತ್ರಿಯಾಗಿದ್ದಾಗಿನದು, ಪೆಟ್ಟಿಗೆಯ ಮಡಿಕೆ ಹಾಗೇ ಉಳಿದಿತ್ತು, ಕತ್ತಿನ ಸುತ್ತ ಸಡಿಲವಾಗಿತ್ತು.

"ಇದೇನು ವೇಷ? ಬುದ್ಧಿ ಕೆಟ್ಟಿದೆಯಾ ನಿಮಗೆ?"

"ಬಿಳಿ ಅಂಗಿ ಹಾಕ್ಕೊಂಡು ಹೋದ್ರೆ, ಮುದುಕನಿಗೆ ಹಲ್ಲುನೋವು ಅಂತಾರೆ. ಕೆಂಪು ಹಾಕ್ಕೊಂಡು ಹೋದ್ರೆ ನಿಂತು ನೋಡ್ತಾರೆ. ಬರ್ತೀಯಾ, ಕೋಲು ಮರೆತು ಬಂದೆ."

ಅವಳು ತೋಳು ಕೊಟ್ಟಳು. ರಸ್ತೆಯ ಅಂಚು ಬಿಟ್ಟು ನಟ್ಟನಡುವೆ ನಡೆದರು. ಸಂತೆಯ ಗದ್ದಲ ಅವರು ಹಾದುಹೋದಲ್ಲೆಲ್ಲ ತಗ್ಗಿತು. "ಡಾಕ್ಟ್ರು ಮತ್ತೆ ನಮ್ಮ ಕಡೆ!" ಎಂದು ಗಾಡ್ವಿನ್ ಮೀನಿನ ಅಂಗಡಿಯಿಂದ ಕೂಗಿ ಹಿಂದೆಯೇ ಬಂದ, ಅವನ ಹಿಂದೆ ಒಂದು ಗುಂಪು. ಡಾಕ್ಟರು ಮೈದಾನದಲ್ಲಿ ನಡೆಯುತ್ತಿದ್ದ ಕೆಂಪಿನವರ ಸಭೆಯ ಕಡೆ ತಿರುಗಲಿಲ್ಲ. ಹಳದಿ ಬಾವುಟ ಕಟ್ಟಿದ್ದ ದವಾಖಾನೆಯ ಮುಂದೆ ನಿಂತರು, ಮೆಟ್ಟಿಲು ಹತ್ತಿದರು. ಬಟ್ಟೆ ಕಟ್ಟಿಕೊಂಡ ಬೋನಿಫೇಸ್ ಎದುರಿನ ಕಟ್ಟೆಯ ಮೇಲೆ ಕೂತಿದ್ದ. ಅವನ ಕಡೆ ಒಮ್ಮೆ ನೋಡಿ, ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಶರ್ನೆಲ್ ಬಾಗಿಲು ಮುಚ್ಚಲು ಕೈ ಚಾಚಿದಳು.

"ಇರ್ಲಿ ಬಿಡಮ್ಮಾ, ತೆಗ್ದೇ ಇರ್ಲಿ."

"ಎಲ್ಲರೂ ನೋಡ್ತಿದಾರೆ ಡಾಕ್ಟ್ರೇ."

"ನನ್ನ ಬಾಯಿ. ನಾನು ತೋರಿಸ್ಬಹುದು." ಎಡಗೆನ್ನೆಯ ಮೇಲೆ ಬೆರಳಿಟ್ಟರು. "ಕೆಳಗಿನ ದವಡೆ, ಕೊನೇದು. ಬಹಳ ದಿನದಿಂದ ಅಲ್ಲಾಡ್ತಿದೆ."

ಶರ್ನೆಲ್ ದೀಪ ತಿರುಗಿಸಿದಳು. ಅವಳ ಹಳದಿ ತೋಳು ಅವರ ಕೆಂಪು ಕಾಲರಿನ ಮೇಲೆ ಬಾಗಿತು. ಡಾಕ್ಟರು ತಲೆಯನ್ನು ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ, ಬೀದಿಯಲ್ಲಿ ನಿಂತವರೆಲ್ಲರಿಗೂ ಕಾಣುವಂತೆ ಬಾಯಿ ತೆರೆದರು.